ಏಣು ಬೆನ್ನಿನ ಕುದುರೆಗೊಂದು ಜೀನು

ಕುದುರೆಯ ಬೆನ್ನು ನೋಡಿ ಹೊಟ್ಟೆ ಉರಿದುಕೊಂಡವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಬೇರೆಯವರು ಪಕ್ಕದ ಮನೆಯ ಕಾರು ನೋಡಿ, ಓರಗಿತ್ತಿಯ ಸರ ನೋಡಿ ಉರಿದುಕೊಳ್ಳುತ್ತಾರೆ. ನಾನು ಯಲಹಂಕದ ಆಚೆ, ಒಂದು ಕಾಲದಲ್ಲಿ ದ್ರಾಕ್ಷಿ ತೋಟವಾಗಿದ್ದ ಜಾಗದ ಕುದುರೆ ಲಾಯದಲ್ಲಿ ಬೆಳಗ್ಗೆ ಆರೂವರೆಗೆ ನಿಂತು, ಆರ್.ಟಿ. ನಗರದ ಒಬ್ಬಳು ಹಲ್ಲಿನ ಡಾಕ್ಟರಮ್ಮನ ಬಿಳಿ ಕುದುರೆಯ ಬೆನ್ನು ನೋಡಿ ಉರಿದುಕೊಳ್ಳುತ್ತಿದ್ದೆ. ಅಂಥ ಬೆನ್ನು ಅದು. ಅಗಲವಾಗಿ, ದುಂಡಗೆ, ಮದುವೆ ಮನೆಯ ಲೋಡಿನ ಹಾಗೆ. ಲಾಯದ ಗೂಟದಲ್ಲಿದ್ದ ಹಳೆಯ ಜೀನುಗಳೆಲ್ಲ ಅಂಥ ಅಗಲ ಬೆನ್ನಿಗೆಂದೇ ಮಾಡಿದವು. ಯಾವುದನ್ನು ಎತ್ತಿ ಹಾಕಿದರೂ ಅಲ್ಲಾಡದೆ ಕೂರುತ್ತಿತ್ತು. ಅವಳು ಫೋನಿನಲ್ಲಿ ಮಾತಾಡುತ್ತಲೇ ಹೊಟ್ಟೆಪಟ್ಟಿ ಬಿಗಿದು ಹತ್ತಿ ಹೊರಟುಬಿಡುತ್ತಿದ್ದಳು.

ನನ್ನದು ರೇಸಿನಿಂದ ಹೊರಬಿದ್ದ ಕುದುರೆ. ನನ್ನದು ಅನ್ನುವುದು ಬಾಯಿಮಾತು. ಕುದುರೆಯೇನೋ ಲಾಯ ನಡೆಸುವ ಮೇಷ್ಟ್ರದು. ಅದರ ಮೇವು, ಲಾಳದ ಭಾರ ಹೊತ್ತು ಸವಾರಿ ಮಾಡುವ ಹಕ್ಕಷ್ಟೇ ನನ್ನದು. ಗಂಡಾದ್ದರಿಂದ ‘ಅವನು’ ಎಂದೇ ಬರೆಯುತ್ತೇನೆ. ಡಾಕ್ಟರಮ್ಮನ ಕುದುರೆಗೆ ‘ಅದು’ ಸಾಕು. ಅವನು ಬಂದಾಗ ಪಕ್ಕೆಲುಬು ಎಣಿಸಬಹುದಿತ್ತು. ಕತ್ತು ಮುಗಿದು ಬೆನ್ನು ಶುರುವಾಗುವ ಕಡೆ ಎಲ್ಲ ಕುದುರೆಗೂ ಒಂದು ಏಣು ಇರುತ್ತದೆ. ಇವನದು ಹೆಂಚಿನ ಮನೆಯ ನೆತ್ತಿಯ ಹಾಗೆ ಎದ್ದಿತ್ತು. ಅದರ ಎರಡೂ ಪಕ್ಕ ಮಾಂಸವೇ ಇಲ್ಲದ ತಗ್ಗು. ಸಾಲದ್ದಕ್ಕೆ ಎಡ ಭುಜ ಬಲ ಭುಜಕ್ಕಿಂತ ದಪ್ಪ. ಲಾಯದ ಜೀನು ಹಾಕಿದರೆ ಮುಂದೆ ಕುಸಿದು ಏಣಿನ ಮೇಲೇ ಕೂರುತ್ತಿತ್ತು. ಕೆಳಗೆ ಕಂಬಳಿ ಮಡಿಸಿ ಇಟ್ಟು ಎತ್ತರಿಸಬೇಕು. ಅಂಗಳಕ್ಕೆ ಒಂದು ಸುತ್ತು ಬರುವುದರೊಳಗೆ ಕಂಬಳಿ ಒಂದು ಕಡೆ, ಜೀನು ಒಂದು ಕಡೆ, ನಾನು ಒಂದು ಕಡೆ.

ನಾವು ಕಲಿಯುತ್ತಿದ್ದದ್ದು ಡ್ರೆಸಾಜ್. ಓಡಿಸುವುದಲ್ಲ, ಹಾರಿಸುವುದಲ್ಲ. ಸುಣ್ಣದ ಗೆರೆ ಎಳೆದ ಅಂಗಳದಲ್ಲಿ ಕುದುರೆಯನ್ನು ತಾಳ ತಪ್ಪದೆ, ಹೇಳಿದ ಹೆಜ್ಜೆಯಲ್ಲಿ ನಡೆಸುವ ವಿದ್ಯೆ. ಕೈ ಎಳೆದದ್ದು ಕಾಣಬಾರದು, ಕಾಲು ಒತ್ತಿದ್ದು ಕಾಣಬಾರದು, ಹೇಳುವುದನ್ನೆಲ್ಲ ಕೂತ ಜಾಗದಿಂದಲೇ ಕುದುರೆಗೆ ಹೇಳಬೇಕು. ಅದಕ್ಕೆ ಬೇಕಾದ ಜೀನೇ ಬೇರೆ: ನಡುವೆ ಆಳವಾಗಿ, ಪಕ್ಕದ ಚರ್ಮ ಉದ್ದಕ್ಕೆ ನೇರವಾಗಿ ಇಳಿದಿರುತ್ತದೆ. ಹೊಸದನ್ನು ಹೊರದೇಶದಿಂದ ತರಿಸುವುದು ನನ್ನಂಥವಳ ಕೈಗೆ ನಿಲುಕುವ ಮಾತಲ್ಲ. ನಾನು ಮತ್ತಿಕೆರೆಯ ಹತ್ತಿರದ ಒಂದು ಪಿಯು ಕಾಲೇಜಿನಲ್ಲಿ ಕಾಮರ್ಸ್ ಹೇಳುತ್ತಿದ್ದೆ. ಅಮ್ಮ ಜಾಲಹಳ್ಳಿಯ ನಮ್ಮ ಹಳೇ ಮನೆಯ ಮುಂದಿನ ಕೋಣೆಯಲ್ಲಿ ಫ್ಯಾಕ್ಟರಿ ಕ್ವಾರ್ಟರ್ಸಿನ ಹೆಂಗಸರಿಗೆ ಬ್ಲೌಸ್ ಹೊಲಿಯುತ್ತಿದ್ದಳು. ಬೂಟು ತೊಟ್ಟು ಸ್ಕೂಟರ್ ಹತ್ತುವ ನನ್ನನ್ನು ನೋಡಿದಾಗಲೆಲ್ಲ, “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು” ಎಂದು ಮಿಷನ್ ತುಳಿಯುತ್ತಲೇ ಅನ್ನುತ್ತಿದ್ದಳು.

ಅಳತೆಯ ವಿಷಯ ಬಂದರೆ ಮಾತ್ರ ಅಮ್ಮನ ಮಾತು ನನಗೆ ವೇದ. ಒಬ್ಬರಿಗೆ ಒಂದು ಸಲ ಬ್ಲೌಸ್ ಸರಿಯಾಗಿ ಕೂತಿತೆಂದರೆ ಅವಳು ಆ ಅಳತೆಗೆ ರಟ್ಟು ಕತ್ತರಿಸಿ ಮೊಳೆಗೆ ನೇತುಹಾಕುತ್ತಿದ್ದಳು. ಮತ್ತೆ ಟೇಪು ಹಿಡಿಯುವ ಮಾತಿಲ್ಲ. ಹತ್ತು ವರ್ಷ ಆ ರಟ್ಟಿನಲ್ಲೇ ಹೊಲಿಗೆ. ದಪ್ಪಗಾದವರು ದೂರಿದರೆ, “ಒಳಗೆ ಬಟ್ಟೆ ಬಿಟ್ಟಿದ್ದೀನಲ್ಲ, ಹೊಲಿಗೆ ಬಿಚ್ಕೊಳ್ಳಿ” ಎಂದು ಮುಗಿಸುತ್ತಿದ್ದಳು. ನಾನೂ ಹಾಗೇ ಮಾಡಿದೆ. ಕುದುರೆ ಬಂದ ಮೊದಲ ತಿಂಗಳಲ್ಲೇ, ಮನೆ ವೈರಿಂಗ್ ಮಾಡಿ ಉಳಿದಿದ್ದ ದಪ್ಪ ತಂತಿಯನ್ನು ಅವನ ಏಣಿನ ಮೇಲೆ ಬಗ್ಗಿಸಿ, ಆ ಆಕಾರವನ್ನು ರಟ್ಟಿನ ಮೇಲೆ ಬರೆದು, ಅಮ್ಮನ ಕತ್ತರಿಯಲ್ಲೇ ಕತ್ತರಿಸಿದೆ. ಆ ರಟ್ಟು ಒಂದೂವರೆ ವರ್ಷ ನನ್ನ ಸ್ಕೂಟರಿನ ಡಿಕ್ಕಿಯಲ್ಲಿತ್ತು. ಎಲ್ಲಿ ಹಳೇ ಜೀನು ಕಂಡರೂ ತಿರುಗಿಸಿ, ರಟ್ಟು ಇಟ್ಟು ನೋಡುತ್ತಿದ್ದೆ.

ಕಂಡದ್ದೆಲ್ಲ ಅಗಲ. ಹೆಬ್ಬಾಳದಲ್ಲಿ ಒಬ್ಬರ ಗ್ಯಾರೇಜಿನಲ್ಲಿದ್ದುದಕ್ಕೆ ಇಲಿ ಬಿದ್ದಿತ್ತು. ಯಶವಂತಪುರದಲ್ಲಿ ಒಬ್ಬರು ಫೋಟೋದಲ್ಲಿ ಡ್ರೆಸಾಜ್ ಜೀನು ತೋರಿಸಿ ಕರೆಸಿಕೊಂಡರು. ಹೋಗಿ ನೋಡಿದರೆ ಪೋಲೋ ಆಡುವವರದ್ದು. ಅಷ್ಟರಲ್ಲಿ ಮಳೆಗಾಲ ಬಂತು, ಅವನ ಬೆನ್ನಿನ ಮೇಲೆ ಎರಡು ಕಡೆ ಹುಣ್ಣೂ ಬಂತು. ಅವನನ್ನು ನೋಡಿಕೊಳ್ಳುತ್ತಿದ್ದ ಸೈಸ್, ಮೂವತ್ತು ವರ್ಷ ಕುದುರೆ ತಿಕ್ಕಿದ ಅಜ್ಜ, ನನ್ನನ್ನೇ ಬೈದ.

“ಅಕ್ಕಾ, ಇಂಗೆ ಕಂಬ್ಳಿ ಮ್ಯಾಲ್ ಕಂಬ್ಳಿ ಆಕುದ್ರೆ ಒತ್ದೆ ಇರ್ತದಾ? ಅವುನ್ಗೇನ್ ಬೆನ್ನಾ, ಬಂಡೆಯಾ?”

“ತಗ್ಗಿದೆಯಲ್ಲ ಅಜ್ಜ, ತುಂಬಬೇಡ್ವಾ?”

“ಎಲ್ಲೈತೆ ತಗ್ಗು?” ಎಂದ ಅವನು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಹತ್ತಿರ ರಟ್ಟಿತ್ತಲ್ಲ.

ಮೇಷ್ಟ್ರು ಸೈನ್ಯದ ಕುದುರೆ ದಳದಲ್ಲಿದ್ದು ನಿವೃತ್ತರಾದವರು, ಹೆಚ್ಚು ಮಾತಿಲ್ಲ. ಹುಣ್ಣು ನೋಡಿ ಸವಾರಿ ನಿಲ್ಲಿಸಿದರು. “ನೋಡಮ್ಮಾ, ವಾಸಿಯಾಗೋವರೆಗೂ ಹಗ್ಗದಲ್ಲಿ ತಿರುಗಿಸು, ಸಾಕು. ಆಯುಧಪೂಜೆ ಹೊತ್ತಿಗೆ ಸರಿಯಾದ ಜೀನು ಸಿಗ್ಲಿಲ್ಲ ಅಂದ್ರೆ ಇವನನ್ನ ಕಳಿಸಿಬಿಡ್ತೀನಿ. ಕೂರೋಕಾಗದ ಕುದುರೆನ ಇಲ್ಲಿಟ್ಕೊಳ್ಳೋಕಾಗಲ್ಲ.” ಎಲ್ಲಿಗೆ ಕಳಿಸುತ್ತಾರೆಂದು ಕೇಳಬೇಕಾಗಿರಲಿಲ್ಲ. ಮದುವೆ ದಿಬ್ಬಣಕ್ಕೆ ಕುದುರೆ ಬಾಡಿಗೆ ಕೊಡುವವನೊಬ್ಬ ಆಗಲೇ ಎರಡು ಸಲ ಬಂದು, ಇವನ ಎತ್ತರ ನೋಡಿ ಮೆಚ್ಚಿ ಹೋಗಿದ್ದ. ವಿಮಾನದ ಸದ್ದಿಗೇ ಬೆಚ್ಚುವ ಪ್ರಾಣಿ ಬ್ಯಾಂಡು, ಪಟಾಕಿ, ಜನರೇಟರ್ ನಡುವೆ ಹೇಗೆ ನಿಂತೀತು ಎಂದು ನೆನೆಸಿಕೊಂಡು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಅತ್ತಿದ್ದೇನೆ.

ಜೀನು ಸಿಕ್ಕಿದ್ದು, ಅಥವಾ ಸಿಕ್ಕಿಯೂ ಸಿಗದೇ ಹೋಗಿದ್ದು, ನಮ್ಮ ಮನೆಯಿಂದ ಎರಡೇ ರಸ್ತೆ ಆಚೆ. ಆಗ ನಾಗಸಂದ್ರದ ಕಡೆ ಮೆಟ್ರೋ ಕಂಬಗಳು ಎದ್ದಿದ್ದವು, ರೈಲು ಬಂದಿರಲಿಲ್ಲ. ಆ ಧೂಳಿನಲ್ಲಿ ಊರೆಲ್ಲ ಸುತ್ತುತ್ತಿದ್ದ ನನಗೆ ಪಕ್ಕದ ಬೀದಿ ಗೊತ್ತಿರಲಿಲ್ಲ. ಅಮ್ಮನ ಹತ್ತಿರ ಬ್ಲೌಸ್ ಹೊಲಿಸುವ ಆಂಟಿಯೊಬ್ಬರು, ತೀರಿಕೊಂಡ ಗಂಡನ ಕುದುರೆ ಜೀನೊಂದು ಮನೆಯಲ್ಲಿದೆ ಎಂದು ಮಾತಿಗೆ ಹೇಳಿದರಂತೆ. ಓಡಿದೆ. ಅವರ ಹಾಲಿನ ದಿವಾನದ ಒರಗಿನ ಮೇಲೆ ಕ್ರೋಶಾ ಬಟ್ಟೆ ಹೊದ್ದು ಕೂತಿತ್ತು. ಬಟ್ಟೆ ಸರಿಸಿದರೆ ಕಪ್ಪು ಚರ್ಮ, ಆಳದ ಆಸನ, ಉದ್ದನೆಯ ಪಕ್ಕ. ಮುಂದಿನ ಕಮಾನು ಎತ್ತರಕ್ಕೆದ್ದು ಹಿಂದಕ್ಕೆ ಬಾಗಿತ್ತು, ಏಣು ತಾಕದ ಹಾಗೆ. ಆಂಟಿ ಪ್ರತಿ ಅಮಾವಾಸ್ಯೆಗೆ ಅದಕ್ಕೆ ಎಣ್ಣೆ ಹಚ್ಚಿ ಒರೆಸುತ್ತಿದ್ದರಂತೆ. ನನ್ನ ಬಾಯಲ್ಲಿ ನೀರೂರಿತು.

ತಿರುಗಿಸಿ ರಟ್ಟು ಇಟ್ಟೆ. ಎರಡೂ ಕಡೆ ಬೆರಳು ತೂರುವಷ್ಟು ಸಂದಿ. ಇನ್ನೊಂದು ಸಲ ಇಟ್ಟೆ. ಅಷ್ಟೇ ಸಂದಿ.

“ಅಗಲ ಆಯ್ತು ಆಂಟಿ” ಎಂದೆ. ಕ್ರೋಶಾ ಬಟ್ಟೆ ಮತ್ತೆ ಹೊದಿಸಿದೆ.

“ತಗೊಂಡ್ಹೋಗಿ ಎರಡ್ ದಿನ ಹಾಕಿ ನೋಡಮ್ಮಾ. ಆಗ್ದಿದ್ರೆ ವಾಪಸ್ ತಂದ್ಕೊಡು. ನಮ್ಮನೆಯವ್ರು ಟೇಪು ಗೀಪು ನಂಬ್ತಾನೇ ಇರ್ಲಿಲ್ಲ, ಕುದುರೆ ಬೆನ್ನನ್ನೇ ಕೇಳ್ಬೇಕು ಅನ್ನೋರು.”

“ನಾನು ಟೈಲರ್ ಮಗಳು ಆಂಟಿ. ಅಳತೆ ಅಂದ್ರೆ ಅಳತೆ” ಎಂದುಬಿಟ್ಟೆ. ಆಂಟಿ ಕಾಫಿ ಕೊಟ್ಟರು. ಕುಡಿದು ಬರಿಗೈಯಲ್ಲಿ ಬಂದೆ.

ಬಂದವಳು ಸುಮ್ಮನಿರಬೇಕಿತ್ತು. ಮರುದಿನ ಲಾಯದಲ್ಲಿ ಎಲ್ಲರೆದುರು ಆ ಜೀನನ್ನು ಬಾಯಿತುಂಬ ಹೊಗಳಿದೆ. ಅದರಲ್ಲಿ ಕೂತರೆ ಎಂಥವಳಿಗೂ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಕಾಲು ತಾನಾಗಿ ಇಳಿಯುತ್ತದೆ ಎಂದೆಲ್ಲ. ಆಂಟಿಯ ಮನೆ ಎಲ್ಲಿ ಎಂಬುದನ್ನೂ ಬಿಡಲಿಲ್ಲ. ಕೈಗೆ ಸಿಗದ್ದನ್ನು ಹುಳಿ ಎನ್ನುವ ಬುದ್ಧಿಯಾದರೂ ನರಿಗಿತ್ತು, ನನಗೆ ಅದೂ ಇಲ್ಲ. ಮುಂದಿನ ಭಾನುವಾರ ಡಾಕ್ಟರಮ್ಮನ ಕಾರಿನ ಹಿಂದಿನ ಸೀಟಿನಿಂದ ಆ ಕಪ್ಪು ಜೀನು ಇಳಿಯಿತು. ಕ್ರೋಶಾ ಬಟ್ಟೆಯ ಸಮೇತ.

“ರೀ, ನಿಮಗೇನೂ ಬೇಜಾರಿಲ್ಲ ತಾನೆ? ನಿಮ್ ಕುದುರೆಗೆ ಆಗಲ್ಲ ಅಂದ್ರಲ್ಲ, ಅದಕ್ಕೇ ಹೋಗಿ ತಗೊಂಡ್ಬಂದೆ.”

“ಅಯ್ಯೋ, ನನಗ್ಯಾಕ್ರೀ ಬೇಜಾರು!” ಎಂದೆ. ಅಂದು ಅವನಿಗೆ ಮೈ ತಿಕ್ಕುವಾಗ ಎಷ್ಟು ಜೋರಾಗಿ ಬ್ರಶ್ ಎಳೆದೆನೆಂದರೆ ಅವನು ತಿರುಗಿ ನನ್ನ ತೋಳಿಗೆ ಬಾಯಿ ಹಾಕಿದ.

ಎಂಥ ಅನ್ಯಾಯ ನೋಡಿ. ಯಾವ ಜೀನಾದರೂ ಸಾಕು ಎನ್ನುವ ಬೆನ್ನಿಗೆ ಆ ಜೀನು. ನನ್ನವನ ಬೆನ್ನಿಗೆ ಹುಣ್ಣಿನ ಮುಲಾಮು. ಇದ್ದವರಿಗೇ ಇನ್ನಷ್ಟು ಕೊಡುವ ದೇವರ ಮೇಲೆ ಸಿಟ್ಟು ಬಂತು, ಕೊಟ್ಟ ಆಂಟಿಯ ಮೇಲೂ ಬಂತು. ಅವಳಿಗೆ ಅದರಲ್ಲಿ ಕೂರಲಾದರೂ ಬರುತ್ತದೆಯೇ ಎಂದು ಬೇಲಿಯ ಹತ್ತಿರ ನಿಂತು ಕಣ್ಣಿಟ್ಟು ನೋಡತೊಡಗಿದೆ. ಹಾಗೆ ನೋಡುವಾಗಲೇ ಕಂಡಿತು. ಜೀನು ಅವಳ ಕುದುರೆಗೆ ಕಿರಿದು. ಆ ದುಂಡು ಬೆನ್ನಿನ ಮೇಲೆ ಇಳಿಯಲಾರದೆ ಮುಂಭಾಗ ಎದ್ದು ನಿಂತಿತ್ತು. ಅವಳು ಕೂತಾಗ ಹಿಂದಕ್ಕೆ ವಾಲುತ್ತಿತ್ತು. ಕಾಲು ಮುಂದಕ್ಕೆ ಚಾಚಿ, ಆರಾಮ ಕುರ್ಚಿಯಲ್ಲಿ ಪೇಪರ್ ಓದುವವಳ ಹಾಗೆ ಅವಳು ಸುತ್ತು ಹೊಡೆಯುತ್ತಿದ್ದಳು. ಹೀಗಾದರೆ ಭುಜದ ಹಿಂದೆ ಒತ್ತುತ್ತದೆ, ಕುದುರೆಗೆ ನೋವಾಗುತ್ತದೆ ಎಂದು ಒಂದೂವರೆ ವರ್ಷ ಜೀನು ಬಿಟ್ಟು ಬೇರೇನೂ ಯೋಚಿಸದ ನನಗೆ ಒಂದು ನೋಟಕ್ಕೇ ತಿಳಿಯಿತು. ಮೇಷ್ಟ್ರು ಆ ತಿಂಗಳು ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದರು. ಹೇಳಬೇಕಾದವಳು ನಾನೊಬ್ಬಳೇ.

ನಾನು ಹೇಳಲಿಲ್ಲ. ಆ ವಾರ ನನಗೆ ಊಟ ರುಚಿಸಿತು. ಕಾಲೇಜಿನಲ್ಲಿ ಪಾಠವೂ ಚೆನ್ನಾಗಿ ಆಯಿತು. ಒಂದು ವಾರ ಕಳೆದ ಮೇಲೆ ಆ ಬಿಳಿ ಕುದುರೆ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಿಸಿತು. ಎರಡು ವಾರಕ್ಕೆ ಬಾಲ ಬಡಿಯತೊಡಗಿತು. “ಇದಕ್ಕೇನೋ ಕೊಬ್ಬು ಕಣ್ರೀ ಇತ್ತೀಚೆಗೆ” ಎಂದು ಅವಳು ನಕ್ಕಾಗ ನಾನೂ ನಕ್ಕೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮೂರನೇ ವಾರದ ಶನಿವಾರ ಕಾಲೇಜಿನಲ್ಲಿ ಕಿರುಪರೀಕ್ಷೆ ಇದ್ದದ್ದರಿಂದ ನಾನು ಲಾಯ ಮುಟ್ಟಿದಾಗ ಹತ್ತು ಗಂಟೆ. ದೂರದಿಂದಲೇ ಅಂಗಳದಲ್ಲಿ ಒಂದು ಕುದುರೆ ಕಂಡಿತು. ಕತ್ತು ಮೆಲ್ಲಗೆ ಇಳಿಸಿ, ಬೆನ್ನು ಎತ್ತಿ, ಹಿಂಗಾಲನ್ನು ಮುಂಗಾಲಿನ ಗುರುತಿಗಿಂತ ಮುಂದಿಡುತ್ತ ನಡೆಯುತ್ತಿತ್ತು. ಯಾರಪ್ಪ ಇದು ಹೊಸ ಕುದುರೆ, ಎಷ್ಟು ಚೆಂದ ನಡೆಯುತ್ತದೆ ಎಂದುಕೊಂಡೆ. ಹತ್ತಿರ ಬಂದರೆ ನನ್ನವನು. ಮೇಲೆ ಕಪ್ಪು ಜೀನು. ಜೀನಿನ ಮೇಲೆ ಅವಳು.

ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮೇಷ್ಟ್ರು ಬೇಲಿಯ ಹತ್ತಿರ ಕುರ್ಚಿ ಹಾಕಿ ಕೂತಿದ್ದರು. ಅವರು ಅವತ್ತೇ ಬಂದವರು, ಹುಣ್ಣು ಮಾಸಿದ್ದು ನೋಡಿ, ಇದ್ದ ಒಂದು ಡ್ರೆಸಾಜ್ ಜೀನು ಇವನ ಮೇಲೆ ಹಾಕಿ ನೋಡೋಣ, ನಾನು ಬಂದಿಲ್ಲವಾದ್ದರಿಂದ ಅವಳೇ ಹತ್ತಲಿ ಎಂದರಂತೆ. ನನಗೆ ಆಗ ಅದೆಲ್ಲ ಕೇಳಿಸಲಿಲ್ಲ. ಒಂದೂವರೆ ವರ್ಷ ಅವನ ಗೊರಸು ಕೆರೆದವಳು ನಾನು, ಮುಲಾಮು ಹಚ್ಚಿದವಳು ನಾನು. ಒಂದು ದಿನವೂ ನನಗೆ ಹಾಗೆ ಬೆನ್ನು ಕೊಡದವನು ಅವಳಿಗೆ ಕೊಟ್ಟಿದ್ದ. ಅವನ ಮೇಲೂ ಹೊಟ್ಟೆಕಿಚ್ಚು ಬಂತು. ಅವಳು ಇಳಿದು, ಮುಖವೆಲ್ಲ ನಗುವಾಗಿ, “ರೀ, ನಿಮ್ ಕುದುರೆ ಬಂಗಾರ ಕಣ್ರೀ!” ಎಂದಳು. ಕೆನ್ನೆಗೆ ಬಾರಿಸಬೇಕು ಎನ್ನಿಸಿತು.

ಅವಳು ಹೋದ ಮೇಲೆ ಅಜ್ಜ ಜೀನು ಇಳಿಸಿ ನನ್ನನ್ನು ಕರೆದ. “ಬನ್ನಿ ಅಕ್ಕಾ, ನೋಡಿ. ಬೆವ್ರು ಇಂಗ್ ಬರ್ಬೇಕು.” ಬೆನ್ನಿನ ಎರಡೂ ಪಕ್ಕ ಬೆವರಿನ ಗುರುತು ಒಂದೇ ಸಮ ಇತ್ತು, ನಡುವೆ ಬೆನ್ನೆಲುಬಿನ ಮೇಲೆ ಒಣಗಿದ ದಾರಿ. ಪಕ್ಕಗಳಲ್ಲಿ ಎಲ್ಲೂ ಒಣಗಿದ ಮಚ್ಚೆಯಿಲ್ಲ, ಅಂದರೆ ಎಲ್ಲೂ ಹೆಚ್ಚು ಒತ್ತಿಲ್ಲ. ನಾನು ನಂಬದೆ ಡಿಕ್ಕಿಯಿಂದ ರಟ್ಟು ತಂದು ಅವನ ಬೆನ್ನಿನ ಮೇಲಿಟ್ಟೆ. ಅದು ಇಳಿಯಲೇ ಇಲ್ಲ. ಏಣಿನ ಎರಡೂ ಪಕ್ಕ ತಗ್ಗಿದ್ದ ಕಡೆ ಗಟ್ಟಿ ಮಾಂಸ ತುಂಬಿತ್ತು.

“ಇದ್ಯಾವ ಕಾಲದ್ದು ಅಕ್ಕಾ?” ಎಂದ ಅಜ್ಜ.

“ಬಂದಾಗಿಂದು.”

“ಬಂದಾಗ ಎಲುಬಾಗಿದ್ದ. ಒಂದೂವರೆ ವರ್ಸ ಉಲ್ಲು, ಉಳ್ಳಿ ತಿನ್ಸಿ ಸಾಕಿದ್ದು ನೀವೇ ಅಲ್ವಾ?”

ನಾನು ಹಾಕಿದ ಹುರುಳಿಯೇ ಅವನ ಬೆನ್ನು ತುಂಬಿಸಿತ್ತು. ತುಂಬಿದ ಬೆನ್ನಿನ ಮೇಲೆ ತಗ್ಗಿದೆ ಎಂದು ಕಂಬಳಿ ತುರುಕಿ ಹುಣ್ಣು ಮಾಡಿದ್ದೂ ನಾನೇ. ದಿನಾ ಬೆಳಗ್ಗೆ ಕೈಯಾರೆ ತಿಕ್ಕುತ್ತಿದ್ದ ಬೆನ್ನನ್ನು ನಾನು ನೋಡಿರಲಿಲ್ಲ, ನೋಡಿದ್ದೆಲ್ಲ ಪಕ್ಕದವಳ ಕುದುರೆಯ ಬೆನ್ನು. ಅಂದು ಸಂಜೆ ಅಮ್ಮನಿಗೆ ಹೇಳಿದರೆ, “ಬ್ಲೌಸಲ್ಲಾದ್ರೆ ಒಳಗೆ ಬಟ್ಟೆ ಬಿಟ್ಟಿರ್ತೀನಿ. ನೀನೇನ್ ಬಿಟ್ಟಿದ್ದೆ?” ಎಂದಳು. ಅವಳ ಮೇಲೂ ರೇಗಿದೆ.

ಆಯುಧಪೂಜೆಗೆ ಉಳಿದದ್ದು ಹನ್ನೊಂದು ದಿನ. ಅವಳನ್ನು ಜೀನು ಕೇಳದೆ ಬೇರೆ ದಾರಿಯಿರಲಿಲ್ಲ. ಯಾರ ಮುಂದೆ ಬೇಕಾದರೂ ಕೈಯೊಡ್ಡಿಯೇನು, ಅವಳ ಮುಂದೆ ಬೇಡ ಎಂದು ಎರಡು ದಿನ ಒದ್ದಾಡಿದೆ. ಮೂರನೇ ದಿನ ಬೆಳಗ್ಗೆ ಹೋದಾಗ ಅವಳು ಬಿಳಿ ಕುದುರೆಯ ಪಕ್ಕ ಬಕೆಟ್ ಇಟ್ಟುಕೊಂಡು, ಭುಜದ ಹಿಂದೆ ಒದ್ದೆ ಬಟ್ಟೆ ಒತ್ತುತ್ತಿದ್ದಳು. ಅಲ್ಲಿ ಅಂಗೈಯಗಲ ಬಾವು. ಅವಳ ಕೈ ತಾಕಿದಾಗಲೆಲ್ಲ ಕುದುರೆಯ ಚರ್ಮ ಅದುರುತ್ತಿತ್ತು. ಹುಣ್ಣಿನ ದಿನಗಳಲ್ಲಿ ನನ್ನವನ ಚರ್ಮವೂ ಹೀಗೇ ಅದುರುತ್ತಿತ್ತು.

“ಆ ಜೀನು ನಿಮ್ ಕುದುರೆಗೆ ಕಿರಿದು ಕಣ್ರೀ” ಎಂದೆ. “ಮುಂದೆ ಎದ್ದು ಹಿಂದಕ್ಕೆ ವಾಲುತ್ತೆ. ಅದಕ್ಕೇ ಈ ಬಾವು. ನನ್ನವನಿಗೆ ಸರಿಹೋಗುತ್ತೆ. ನನಗೆ ಕೊಟ್ಟುಬಿಡಿ.”

ಅವಳು ಬಟ್ಟೆ ಹಿಂಡಿದಳು. “ಯಾವಾಗ ಗೊತ್ತಾಯ್ತು ನಿಮಗೆ?”

ಶನಿವಾರ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು, ಜೀನೂ ಸಿಗುತ್ತಿತ್ತು. ಬಾಯಿಗೆ ಬಂದಿತ್ತು ಕೂಡ. ಆ ಕುದುರೆ ಮತ್ತೆ ಅದುರಿತು.

“ಮೊದಲನೇ ದಿನವೇ” ಎಂದೆ.

ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ನನಗೂ ಬೈಯಲು ಏನಾದರೂ ಸಿಗುತ್ತಿತ್ತು. “ನಿಮ್ ಹಾಗೆ ಕೂರೋಕೆ ಬರ್ಲಿ ಅಂತ ಅದನ್ನ ತಗೊಂಡೆ ಕಣ್ರೀ. ನೀವು ಅಷ್ಟು ಚೆನ್ನಾಗಿ ಕೂರ್ತೀರಿ” ಎಂದಳು. ನಂತರ ಒಳಗೆ ಹೋಗಿ ಆ ಜೀನು ಎತ್ತಿಕೊಂಡು ಬಂದು, ಒಣಬಟ್ಟೆಯಲ್ಲಿ ಒರೆಸಿ, ನನ್ನವನ ಬಾಗಿಲಿನ ಅಡ್ಡಪಟ್ಟಿಯ ಮೇಲೆ ತಾನೇ ಇಟ್ಟಳು. ತಾನು ಆಂಟಿಗೆ ಕೊಟ್ಟದ್ದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ತೆಗೆದುಕೊಳ್ಳಲಿಲ್ಲ. ದೀಪಾವಳಿ ಕಳೆದ ಮೇಲೆ ತನ್ನ ಕುದುರೆಯನ್ನು ಬೇರೆ ಲಾಯಕ್ಕೆ ಸಾಗಿಸಿದಳು. ನನಗೆ ಹೇಳಿ ಹೋಗಲಿಲ್ಲ.

ಕುದುರೆ ಉಳಿದ. ಮದುವೆ ಕುದುರೆ ಬಾಡಿಗೆಯವನು ಇನ್ನೊಂದು ಸಲ ಬಂದು ನೋಡಿ ಹೋದವನು ಮತ್ತೆ ಬರಲಿಲ್ಲ. ಐದಾರು ವರ್ಷ ನಾನು ಆ ಜೀನಿನಲ್ಲೇ ಅವನನ್ನು ಸವಾರಿ ಮಾಡಿದೆ. ಒಂದು ಹುಣ್ಣೂ ಬರಲಿಲ್ಲ. ಮೂರು ತಿಂಗಳಿಗೊಮ್ಮೆ ಹೊಸದಾಗಿ ತಂತಿ ಬಗ್ಗಿಸುತ್ತಿದ್ದೆ. ಅವನು ಚೆನ್ನಾಗಿ ನಡೆದ ದಿನ ಮನಸ್ಸು ತುಂಬಿ ಬರುತ್ತಿತ್ತು. ಆದರೂ ಆ ಶನಿವಾರ ಬೇಲಿಯಾಚೆಯಿಂದ ನೋಡಿದಷ್ಟು ಚೆನ್ನಾಗಿ ನನ್ನ ಕೆಳಗೆ ನಡೆದನೋ ಇಲ್ಲವೋ ಎಂಬ ಅನುಮಾನ ಹೋಗಲೇ ಇಲ್ಲ. ಮೇಲೆ ಕೂತವಳಿಗೆ ಅದು ಕಾಣುವುದಿಲ್ಲವಲ್ಲ. ಕೊಟ್ಟು ಹೋದವಳ ಮೇಲೂ ಹೊಟ್ಟೆಕಿಚ್ಚು ಆರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಕೊಡುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಲಾಯಕ್ಕೆ ಹೊಸಬರು ಬಂದಾಗಲೆಲ್ಲ, ಇಷ್ಟು ಕಷ್ಟದ ಬೆನ್ನಿಗೆ ಇಂಥ ಜೀನು ಎಲ್ಲಿ ಸಿಕ್ಕಿತು ಎಂದು ಕೇಳುತ್ತಿದ್ದರು. ಜಾಲಹಳ್ಳಿಯಲ್ಲಿ ನಮ್ಮ ಮನೆ ಹತ್ತಿರದ ಒಬ್ಬರು ಆಂಟಿಯ ಹಾಲಿನಲ್ಲಿತ್ತು ಎಂದು ಹೇಳುತ್ತಿದ್ದೆ. ಕ್ರೋಶಾ ಬಟ್ಟೆ, ಅಮಾವಾಸ್ಯೆಯ ಎಣ್ಣೆ, ಆಂಟಿ ಕೊಟ್ಟ ಕಾಫಿ, ಎಲ್ಲವನ್ನೂ ಬಿಡದೆ ಹೇಳುತ್ತಿದ್ದೆ. ಅವಳೊಬ್ಬಳನ್ನು ಮಾತ್ರ ಒಂದು ಸಲವೂ ಹೇಳಲಿಲ್ಲ.